ವಿದೇಶದ ಮ್ಯಾರಥಾನ್‌ಗೆ ಎಷ್ಟು ದಿನ ಮೊದಲು ಹೋಗಬೇಕು, ಕೈಚೀಲದಲ್ಲಿ ಏನಿರಬೇಕು?

ಕನಿಷ್ಠ ಮೂರು ದಿನ ಮೊದಲೇ ತಲುಪಿ. ದೂರದ ಪೂರ್ವಕ್ಕೆ ಪ್ರಯಾಣವಾದರೆ ಇನ್ನೆರಡು ದಿನ ಸೇರಿಸಿ, ಆ ದಿಕ್ಕಿನಲ್ಲಿ ನಿದ್ದೆ ಹೊಂದಿಕೊಳ್ಳುವುದು ನಿಧಾನ. ಲಂಡನ್, ಟೋಕಿಯೊ ಓಟಗಳ ಬಿಬ್ (ಎದೆಗೆ ಹಚ್ಚುವ ಓಟದ ಸಂಖ್ಯೆಯ ಚೀಟಿ) ಅನ್ನು ಓಟಕ್ಕೆ ಮುಂಚಿನ ದಿನಗಳಲ್ಲಿ ನಡೆಯುವ ಮೇಳವಾದ ಎಕ್ಸ್‌ಪೋದಲ್ಲೇ ಖುದ್ದಾಗಿ ಪಡೆಯಬೇಕು. ಓಟದ ದಿನ ಕೊಡುವುದಿಲ್ಲ. ಹಿಂದಿನ ದಿನದ ವಿಮಾನ ತಪ್ಪಿದರೆ ತಿಂಗಳುಗಳ ತಯಾರಿಯೆಲ್ಲ ನೀರುಪಾಲು.

ಶೂ, ಸಾಕ್ಸ್, ಓಡುವ ಬಟ್ಟೆ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಬ್ಯಾಗ್ ಕೈಸೇರದಿದ್ದರೆ ಹೊಸ ಶೂ ಹಾಕಿ 42.195 ಕಿ.ಮೀ. ಓಡಬೇಕಾಗುತ್ತದೆ, ಪಾದವೆಲ್ಲ ಬೊಬ್ಬೆ. ಎನರ್ಜಿ ಜೆಲ್ ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಲೆಕ್ಕ, ಅದನ್ನು ಚೆಕ್-ಇನ್ ಬ್ಯಾಗ್‌ಗೆ ಹಾಕಿ.

ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಓಟ ಶುರುವಾಗುವ ಸ್ಟೇಟನ್ ಐಲೆಂಡ್‌ನ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಅಲ್ಲೇ ಬಿಟ್ಟುಬರಬಹುದಾದ ಹಳೆಯ ಸ್ವೆಟರ್ ಒಯ್ಯಿರಿ. ಓಟ ನಡೆಯುವ ನವೆಂಬರ್ ಮೊದಲ ಭಾನುವಾರದ ನಸುಕಿನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ, ಅಲಾರಂ ಎರಡು ಸಲ ನೋಡಿಕೊಳ್ಳಿ.