1.2 ಲಕ್ಷ ಇದೆ, ಪಿಕಪ್‌ಗೆ ಏನೇನು ಹಾಕಿಸಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಕಳೆದ ವರ್ಷ 2017ರ ಇಸುಝು ವಿ-ಕ್ರಾಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. 92 ಸಾವಿರ ಕಿ.ಮೀ. ಓಡಿದೆ. ಟೈರ್ ಮೇಲೆ 245/70 ಆರ್16 ಎಂದಿದೆ. ಟಾರ್ ರಸ್ತೆಯಿಂದ ಮನೆಗೆ ಮೂರು ಕಿ.ಮೀ. ಮಣ್ಣಿನ ದಾರಿ, ಕೊನೆಯ 800 ಮೀಟರ್ ಬರೀ ಏರು, ಜೇಡಿಮಣ್ಣು. ಹೋದ ಮಳೆಗಾಲದಲ್ಲಿ ನಾಲ್ಕು ಸಲ ಹೂತುಕೊಂಡು ಪಕ್ಕದ ತೋಟದ ಟ್ರ್ಯಾಕ್ಟರ್ ಕರೆಸಬೇಕಾಯಿತು. ಒಂದು ಅಂಗಡಿಯವರು ಎರಡು ಇಂಚು ಲಿಫ್ಟ್ (ಸಸ್ಪೆನ್ಶನ್ ಎತ್ತರಿಸುವುದು), 33 ಇಂಚಿನ ಟೈರ್, ಸ್ಟೀಲ್ ಬಂಪರ್, ವಿಂಚ್ (ಹೂತ ಗಾಡಿ ಎಳೆಯುವ ಮೋಟಾರ್ ರಾಟೆ), ಲೈಟ್ ಬಾರ್ ಎಲ್ಲ ಸೇರಿ 3.8 ಲಕ್ಷ ಹೇಳಿದರು. ನನ್ನ ಹತ್ತಿರ ಇರುವುದು 1.2 ಲಕ್ಷ. ಯಾವುದು ಮೊದಲು?

ಉತ್ತರ: ಆ ಪಟ್ಟಿಯ ಐದರಲ್ಲಿ ನಿಮಗೆ ಬೇಕಾದ್ದು ಒಂದೇ, ಟೈರ್. ಅದೂ ಆ ಸೈಜಿನದಲ್ಲ.

ಟೈರ್ ಅಂಗಡಿಗೆ ಹೋಗುವ ಮುಂಚೆ ಗಾಡಿಯನ್ನು ಒಳ್ಳೆಯ ಮೆಕ್ಯಾನಿಕ್ ಹತ್ತಿರ ರ‍್ಯಾಂಪ್ ಹತ್ತಿಸಿ. ಬಾಲ್ ಜಾಯಿಂಟ್, ಬುಷ್, ಸಿವಿ ಬೂಟ್ (ಮುಂದಿನ ಆಕ್ಸಲ್ ಕೀಲಿನ ಗ್ರೀಸ್ ಕಾಯುವ ರಬ್ಬರ್ ಚೀಲ), ಕ್ಲಚ್ ನೋಡಿಸಿ. ಎರಡೂ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಮತ್ತು ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಂಚುವ ಗೇರ್ ಡಬ್ಬಿ) ಆಯಿಲ್ ಬದಲಿಸಿ. ಇನ್ನೊಂದು ಮುಖ್ಯ ಪರೀಕ್ಷೆ ಇದೆ. ಸಡಿಲ ಮಣ್ಣಿರುವ ಬಯಲಲ್ಲಿ ಗಾಡಿ ನಿಲ್ಲಿಸಿ ಫೋರ್ ವೀಲ್ ಡ್ರೈವ್ ನಾಬ್ ತಿರುಗಿಸಿ 4ಎಲ್‌ಗೆ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಗೇರ್) ಹಾಕಿ. ಮೀಟರಿನಲ್ಲಿ ದೀಪ ಮಿಣುಕುತ್ತಲೇ ಇದ್ದರೆ ಎಲ್ಲೋ ಗೇರ್ ಕಚ್ಚಿಲ್ಲ ಎಂದರ್ಥ. ಊರೊಳಗೇ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದು ಜಾಸ್ತಿ. ಹಳೆಯ ಯಜಮಾನರು ಆ ನಾಬ್ ಮುಟ್ಟಿಯೇ ಇರುವುದಿಲ್ಲ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಲೇ ಇಲ್ಲದಿದ್ದರೆ ಲಕ್ಷದ ಟೈರ್ ಹಾಕಿದರೂ ಟ್ರ್ಯಾಕ್ಟರ್‌ನವರಿಗೆ ಫೋನ್ ಮಾಡಲೇಬೇಕು. ಈ ಕೆಲಸಕ್ಕೆ 18 ಸಾವಿರ ಎತ್ತಿಡಿ.

ಈಗ ಟೈರ್. ಮುಂದಿನ ಸಲ ಕೆಸರಿನಿಂದ ಬಂದ ಕೂಡಲೇ, ತೊಳೆಯುವ ಮುಂಚೆ, ನಿಮ್ಮ ಹಳೆಯ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಗೀರುಗಳೆಲ್ಲ ಜೇಡಿಯಿಂದ ತುಂಬಿ ಟೈರ್ ಲಟ್ಟಣಿಗೆಯ ಹಾಗೆ ನುಣ್ಣಗಾಗಿರುತ್ತದೆ. ಗಾಡಿ ಏರು ಹತ್ತದಿರುವುದಕ್ಕೆ ಕಾರಣ ಅಷ್ಟೇ. ಎಂಜಿನ್‌ಗೆ ದಮ್ಮಿಲ್ಲ ಅಂತಲ್ಲ. ಆಲ್ ಟೆರೇನ್ ಟೈರಿನಲ್ಲಿ ಗೀರು ಅಗಲ, ಅಂಚಿನಲ್ಲೂ ಹಲ್ಲುಗಳಿರುತ್ತವೆ. ಚಕ್ರ ಸುತ್ತುವಾಗ ಅರ್ಧ ಕೆಸರನ್ನಾದರೂ ಎಸೆದುಬಿಡುತ್ತದೆ. ಮಡ್ ಟೆರೇನ್ ಇನ್ನೂ ಚೆನ್ನಾಗಿ ಎಸೆಯುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಓಡಾಟದಲ್ಲಿ ಮಣ್ಣಿನ ದಾರಿ ಮೂರೇ ಕಿ.ಮೀ. ಉಳಿದದ್ದು ಚಿಕ್ಕಮಗಳೂರು, ಹಾಸನ, ಚಾರ್ಮಾಡಿ ಘಾಟಿ. ಮಳೆಯಲ್ಲಿ ನೆನೆದ ಟಾರಿನ ಮೇಲೆ ಮಡ್ ಟೆರೇನ್ ಬ್ರೇಕ್ ಕಡಿಮೆ ಹಿಡಿಯುತ್ತದೆ. ಸದ್ದು ಜಾಸ್ತಿ, ಸವೆಯುವುದೂ ಬೇಗ. ಆದ್ದರಿಂದ ಆಲ್ ಟೆರೇನ್ ಸಾಕು.

ಸೈಜ್ ಬದಲಿಸಬೇಡಿ. ಲೆಕ್ಕ ಹೇಳುತ್ತೇನೆ. ಈಗಿನ ಟೈರಿನ ಎತ್ತರ ಸುಮಾರು 749 ಮಿ.ಮೀ. 265/70ಕ್ಕೆ ಹೋದರೆ 777. ನೆಲದಿಂದ ನಿಮಗೆ ಸಿಗುವುದು ಅದರ ಅರ್ಧ, ಅಂದರೆ 14 ಮಿ.ಮೀ. ಒಂದು ಬೆರಳಿನ ಅಗಲವೂ ಇಲ್ಲ. ಅದಕ್ಕೆ ನಾಲ್ಕಲ್ಲ, ಐದು ಟೈರ್ ಕೊಳ್ಳಬೇಕು. ನಿಮ್ಮದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ. ಸ್ಟೆಪ್ನಿ ಒಂದು ಸೈಜು, ಉಳಿದವು ಇನ್ನೊಂದು ಸೈಜು ಆದರೆ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಗೇರ್) ಒಳಗಿನ ಗೇರುಗಳು ಒಂದನ್ನೊಂದು ಎಳೆದಾಡುತ್ತವೆ. ಹಳೇ ಸೈಜೇ ಇಟ್ಟುಕೊಂಡರೆ ಈಗಿನ ಟೈರಿನಲ್ಲಿ ಚೆನ್ನಾಗಿರುವುದನ್ನೇ ಸ್ಟೆಪ್ನಿ ಮಾಡಬಹುದು. 33 ಇಂಚಂತೂ ಕೇಳಲೇಬೇಡಿ. ಗೇರೆಲ್ಲ ನೂರಕ್ಕೆ ಸುಮಾರು 12ರಷ್ಟು ಭಾರವಾಗಿ ಏರಿನಲ್ಲಿ ಗಾಡಿ ತಿಣುಕುತ್ತದೆ. ಮೀಟರ್ 60 ತೋರಿಸುವಾಗ ನೀವು 67ರಲ್ಲಿ ಇರುತ್ತೀರಿ. ಒಳ್ಳೆಯ ಆಲ್ ಟೆರೇನ್ ನಾಲ್ಕಕ್ಕೆ 56 ಸಾವಿರದ ಒಳಗೆ ಮುಗಿಸಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಟೈರ್ ತಯಾರಾದ ವಾರ, ವರ್ಷದ ನಾಲ್ಕಂಕಿ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನೂ ಓದಿ.

ಇನ್ನು ಪುಕ್ಕಟೆ ಸಿಗುವ ಅಪ್‌ಗ್ರೇಡ್ ಎರಡಿವೆ. ಒಂದು, ಗಾಳಿ ಇಳಿಸುವುದು. ಟಾರ್ ಮುಗಿದ ಕಡೆ ನಿಲ್ಲಿಸಿ 35 ಪಿಎಸ್‌ಐ ಇರುವುದನ್ನು 22ಕ್ಕೆ ತನ್ನಿ. ಟೈರ್ ಉದ್ದಕ್ಕೆ ಹರಡಿಕೊಂಡು ನೆಲ ತಬ್ಬುತ್ತದೆ. 18ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಹಿಂದೆ ಹತ್ತು ಮೂಟೆ ಕಾಫಿ ಇದ್ದರೆ ಹಿಂದಿನ ಚಕ್ರದ ಗಾಳಿ ಮುಟ್ಟಲೇಬೇಡಿ. ವಾಪಸ್ ಟಾರಿಗೆ ಬಂದಾಗ ತುಂಬಿಸಿಕೊಳ್ಳಲು ಒಂದು ಒಳ್ಳೆಯ ಕಂಪ್ರೆಸರ್ ಮತ್ತು ಗೇಜ್ ಬೇಕು, ಅದಕ್ಕೆ 6 ಸಾವಿರ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಡಬ್ಬಿ ಬೇಡ, ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ತಗೊಳ್ಳಿ.

ಎರಡನೆಯದು, ತೂಕ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಎಂಜಿನ್ ಮುಂದೆ ಕೂತಿರುತ್ತದೆ, ಹಿಂದಿನ ಚಕ್ರ ಸುಮ್ನೆ ಗಿರಗಿರ ಸುತ್ತುತ್ತದೆ. ಮಳೆಗಾಲ ಪೂರ್ತಿ ಮೂರು ಮರಳಿನ ಮೂಟೆಗಳನ್ನು ಹಿಂದಿನ ಆಕ್ಸಲ್ ನೇರಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಹಿಂಬಾಗಿಲಿನ ಹತ್ತಿರ ಹಾಕಬಾರದು, ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹೋದ ವರ್ಷ ಹೂತುಕೊಂಡ ನಾಲ್ಕು ಸಲವೂ ಗಾಡಿ ಖಾಲಿ ಇತ್ತಾ? ನೆನಪು ಮಾಡಿಕೊಳ್ಳಿ. ಖಾಲಿಯೇ ಇತ್ತು ಅಂತ ನನ್ನ ಊಹೆ.

ಇಷ್ಟರ ಮೇಲೂ ಜುಲೈನಲ್ಲಿ ಕೆಲವು ದಿನ ಆ ಏರು ಹತ್ತಲಿಕ್ಕಿಲ್ಲ. ಅದಕ್ಕೆ ನಮ್ಮ ಹಳೆಯ ಎಸ್ಟೇಟ್ ಜೀಪಿನವರ ಮದ್ದೇ ಮದ್ದು: ಚೈನ್. ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿ. ಒಂದು ಜೊತೆಗೆ 6 ಸಾವಿರ ಇಟ್ಟುಕೊಳ್ಳಿ. ಯಾವ ಮಡ್ ಟೆರೇನ್ ಟೈರೂ ಜೇಡಿಯಲ್ಲಿ ಅದರ ಸಮ ಬರುವುದಿಲ್ಲ. ಹಿಂದಿನ ಚಕ್ರಕ್ಕೇ ಹಾಕಿ. ಹಾಕಿ ನೂರು ಮೀಟರ್ ಹೋದ ಮೇಲೆ ಇಳಿದು ಮತ್ತೆ ಬಿಗಿ ಮಾಡಿ. ಸಡಿಲ ಚೈನ್ ಬ್ರೇಕ್ ಪೈಪಿಗೆ ಬಡಿದರೆ ಕಥೆ ಮುಗಿಯಿತು. ಟಾರ್ ಅಥವಾ ಕಾಂಕ್ರೀಟ್ ಬಂದ ಕೂಡಲೇ ಬಿಚ್ಚಿ. ರಸ್ತೆ ಕಿತ್ತು ಬರುತ್ತದೆ, ಊರಿನವರ ಬೈಗುಳ ಬೇರೆ.

ಹೂತಾಗ ಎಳೆಯಲು ಬೇಕಾದ ಸಾಮಾನಿಗೆ 16 ಸಾವಿರ. ಇಲ್ಲಿ ಅಗ್ಗದ್ದು ಹುಡುಕಬೇಡಿ, ಇದು ಜೀವದ ವಿಷಯ. ಗಾಡಿಯ ಮುಂದೆ ಅಡಿಯಲ್ಲಿ ಕಾಣುವ ಸಣ್ಣ ಕೊಕ್ಕೆ ಲಾರಿ ಮೇಲೆ ಸಾಗಿಸುವಾಗ ಕಟ್ಟಿಹಾಕಲು ಕೊಟ್ಟದ್ದಿರಬಹುದು. ಹೂತ ಗಾಡಿಯನ್ನು ಎಳೆಯಲು ಅದು ತಡೆಯುವುದಿಲ್ಲ. ಚಾಸಿಗೆ ಬೋಲ್ಟ್ ಆಗುವ ಸರಿಯಾದ ರಿಕವರಿ ಪಾಯಿಂಟ್ ಮುಂದೊಂದು ಹಿಂದೊಂದು ಹಾಕಿಸಿ. 4.75 ಟನ್ ಎಂದು ಅಚ್ಚಾಗಿರುವ ಮುಕ್ಕಾಲು ಇಂಚಿನ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು, ಹಿಗ್ಗುವ ಕೈನೆಟಿಕ್ ಹಗ್ಗ ಒಂದು. ಟ್ರೇಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಕಟ್ಟಿ ಎಳೆಯುವುದನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಆ ಗುಂಡು ಕಿತ್ತರೆ ತೋಪಿನ ಗುಂಡಿನ ಹಾಗೆ ಗಾಜು ಒಡೆದು ಒಳಗೆ ಬರುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ದೂರ ನಿಲ್ಲಿಸಿ.

ಹೊಟ್ಟೆಯಡಿಗೆ ಕಲ್ಲು, ದಿಣ್ಣೆ ತಾಗದಂತೆ ಕಾಯುವ ಸ್ಕಿಡ್ ಪ್ಲೇಟ್ ಒಂದು ಹಾಕಿಸಿ, 14 ಸಾವಿರ. ಆಯಿಲ್ ಬಿಚ್ಚುವ ಜಾಗಕ್ಕೆ, ಕೆಸರು ಇಳಿಯುವುದಕ್ಕೆ ತೂತು ಇರಲಿ.

ಇನ್ನು ಬೇಡ ಎಂದ ನಾಲ್ಕು. ಲಿಫ್ಟ್ ಬಗ್ಗೆ ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ಸಸ್ಪೆನ್ಶನ್ ಎತ್ತಿದರೆ ಎತ್ತರವಾಗುವುದು ಬಾಡಿ ಮತ್ತು ಚಾಸಿ. ಹಿಂದಿನ ಆಕ್ಸಲ್ ನಡುವಿನ ಆ ಕುಂಬಳಕಾಯಿ, ಅದೇ ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ. ಚಕ್ರದ ಜಾಡು ಆಳವಾಗಿ, ನಡುವೆ ದಿಣ್ಣೆ ಎದ್ದಿರುವ ದಾರಿಯಲ್ಲಿ ಮೊದಲು ತಾಗುವುದೇ ಅದು. ನಾನೂ ಹಿಂದೊಮ್ಮೆ ಚಪಲಕ್ಕೆ ಮುಂದೆ ಎತ್ತರಕ್ಕೆಂದು ಸ್ಪೇಸರ್ (ಸಸ್ಪೆನ್ಶನ್ ಮೇಲೆ ಕೂರಿಸುವ ಬಿಲ್ಲೆ) ಹಾಕಿಸಿದ್ದೆ. ನೋಡೋಕೆ ಭರ್ಜರಿ. ಆರು ತಿಂಗಳಿಗೆ ಸಿವಿ ಬೂಟ್ ಹರಿದು ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿಕೊಂಡಿತ್ತು. ಆಕ್ಸಲ್ ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಟೈರ್ ಬರುತ್ತಿತ್ತು. ಮೇಲಾಗಿ ಗಾಡಿಯನ್ನು ಕಂಪನಿ ಕೊಟ್ಟ ಮೂಲ ರೂಪದಿಂದ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ಬಂಪರ್ ಮುಂದಿನ ಕಬ್ಬಿಣದ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಲೈಟ್ ಬಾರ್ ಕಥೆಯೂ ಅಷ್ಟೇ. ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕೇಸ್ ಹಾಕುತ್ತಿದ್ದಾರೆ. ಅದಿರಲಿ, ಚಾರ್ಮಾಡಿಯ ಮಂಜಿನಲ್ಲಿ ಮೇಲಿನಿಂದ ಬಿಳಿ ಬೆಳಕು ಬಿಟ್ಟರೆ ಕಾಣುವುದು ಬಿಳಿ ಗೋಡೆ ಮಾತ್ರ. ವಿಂಚ್ ಒಳ್ಳೆಯ ವಸ್ತು, ಆದರೆ ಅದನ್ನು ಕೂರಿಸುವ ಪ್ಲೇಟು, ಬ್ಯಾಟರಿ ಸೇರಿ ನಿಮ್ಮ ದುಡ್ಡೆಲ್ಲ ನುಂಗುತ್ತದೆ. ತೋಟದಲ್ಲಿ ಮರ ಎಳೆಯುವ ಕೈ ತಿರ್ಫರ್ ಇದ್ದರೆ ಸದ್ಯಕ್ಕೆ ಅದೇ ಸಾಕು. ನಿಧಾನ, ಆದರೆ ಕೈಕೊಡುವುದಿಲ್ಲ.

ಕೂಡಿದರೆ 1,16,000 ಆಯಿತು. ಉಳಿದ ನಾಲ್ಕು ಸಾವಿರವನ್ನು ಗಾಡಿಗೆ ಹಾಕಬೇಡಿ. ಮೇ ತಿಂಗಳಲ್ಲಿ ಎರಡು ಮೂರು ಗಂಟೆ ಜೆಸಿಬಿ ಕರೆಸಿ ಆ 800 ಮೀಟರಿಗೆ ಅಲ್ಲಲ್ಲಿ ಓರೆಯಾಗಿ ಅಡ್ಡ ಚರಂಡಿ ತೆಗೆಸಿ, ನೀರು ಪಕ್ಕಕ್ಕೆ ಹೋಗಲಿ. ತೀರಾ ಜಾರುವ ತಿರುವಿಗೆ ಒಂದಿಷ್ಟು ಕಲ್ಲುಪುಡಿ ಹರಡಿ. ದಾರಿಯ ಮೇಲೇ ನೀರು ಹರಿಯುವುದು ನಿಂತರೆ ಅರ್ಧ ಜಾರಿಕೆ ಹೋಗುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು. ನನ್ನದು ಟೂ ವೀಲ್ ಡ್ರೈವ್ ಬೊಲೆರೊ ಕ್ಯಾಂಪರ್. ಗ್ಯಾರೇಜಿನವರು ಹಳೆಯ ಗಾಡಿಯ ಭಾಗ ತಂದು ಫೋರ್ ವೀಲ್ ಡ್ರೈವ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಮಾಡಿಸಲಾ?

ಉತ್ತರ: ಬೇಡ. ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಶಾಫ್ಟ್ ಎಲ್ಲ ಬದಲಾದ ಮೇಲೆ ಎಫ್‌ಸಿಗೆ ಹೋದಾಗ ಉತ್ತರ ಹೇಳಬೇಕಾದವರು ನೀವು, ಗ್ಯಾರೇಜಿನವರಲ್ಲ. ಹಿಂದೆ ಎರಡು ಆಲ್ ಟೆರೇನ್ ಟೈರ್, ಮರಳಿನ ಮೂಟೆ, ಒಂದು ಜೊತೆ ಚೈನ್. ಅದಕ್ಕೂ ಬಗ್ಗದ ದಾರಿಯಾದರೆ ಈ ಗಾಡಿ ಮಾರಿ ಕಾರ್ಖಾನೆಯಿಂದಲೇ ಫೋರ್ ವೀಲ್ ಡ್ರೈವ್ ಆಗಿ ಬಂದ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಹುಡುಕಿ.

ಪ್ರಶ್ನೆ: ಹೊಸನಗರ ಹತ್ತಿರ ಮನೆಗೆ ಹೋಗಲು ಒಂದು ಹಳ್ಳ ದಾಟಬೇಕು. ಸ್ನಾರ್ಕೆಲ್ ಹಾಕಿಸಿದರೆ ಮಳೆಗಾಲದಲ್ಲೂ ಪಿಕಪ್ ದಾಟಿಸಬಹುದಾ?

ಉತ್ತರ: ಸ್ನಾರ್ಕೆಲ್ ಎಂಜಿನ್ನಿನ ಮೂಗನ್ನು ಮೇಲಕ್ಕೆತ್ತುತ್ತದೆ, ಅಷ್ಟೇ. ಗಾಡಿ ತೇಲದಂತೆ ಅದು ತಡೆಯುವುದಿಲ್ಲ. ಎರಡು ಅಡಿ ನೀರು ರಭಸವಾಗಿ ಹರಿಯುತ್ತಿದ್ದರೆ ಪಿಕಪ್ಪನ್ನೂ ಕೊಚ್ಚಿಕೊಂಡು ಹೋಗುತ್ತದೆ. ನೀವು ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸಬೇಡಿ, ಅಂಥ ದಿನ ಈಚೆ ದಡದಲ್ಲೇ ನಿಲ್ಲಿಸಿ.

ಮೊಣಕಾಲಿನವರೆಗಿನ ನಿಂತ ನೀರಿಗೆ ಸ್ನಾರ್ಕೆಲ್ಲಿಗಿಂತ ಮೊದಲು ಡಿಫರೆನ್ಷಿಯಲ್ ಬ್ರೀದರ್ ಪೈಪನ್ನು (ಅದಕ್ಕೆ ಗಾಳಿಯಾಡುವ ಕೊಳವೆ) ಉದ್ದ ಮಾಡಿಸಿ. ರಬ್ಬರ್ ಪೈಪು, ಕ್ಲಿಪ್ಪು, ಅರ್ಧ ಗಂಟೆ ಕೆಲಸ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ದಾಟುವ ಮುಂಚೆ ಹತ್ತು ನಿಮಿಷ ಗಾಡಿ ಆರಲು ಬಿಡುವುದೂ ಅದಕ್ಕೇ. ನಡುನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗಾಗಲೇ ಒಂದು ಮಳೆಗಾಲ ಹಾಗೇ ದಾಟಿಸಿದ್ದೀರಾ? ಹಾಗಿದ್ದರೆ ಈ ವಾರವೇ ಹಿಂದಿನ ಡಿಫರೆನ್ಷಿಯಲ್ಲಿನ ಮೇಲಿನ ಬೋಲ್ಟ್ ಬಿಚ್ಚಿಸಿ ಒಳಗೆ ಬೆರಳು ಅದ್ದಿ ನೋಡಿ. ಬೆರಳಿಗೆ ಅಂಟಿದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗ್ ಕೂಗಲು ಶುರುಮಾಡುವ ಮುಂಚೆ ಬದಲಿಸಿ.