ವ್ಯಾನಿನಲ್ಲಿ ಮಲಗುವ ಮಗ

ವ್ಯಾನಿನಲ್ಲೇ ಬದುಕುತ್ತ, ಬಂಡೆ ಹತ್ತಲು ಊರೂರು ತಿರುಗುವ ಹುಡುಗರು ಮಳೆಗಾಲಕ್ಕೆ ಮನೆಗೆ ಬಂದು ಮಂಕಾಗುವುದನ್ನು ಚಿಕ್ಕಮಗಳೂರಿನಲ್ಲಿ ಆಪ್ತಸಲಹೆಗಾರ್ತಿಯಾಗಿ ಇದು ಮೂರನೇ ಸಲ ನೋಡುತ್ತಿದ್ದೇನೆ. ಮೂವರ ಮನೆಯವರೂ ಕೇಳಿದ್ದು ಒಂದೇ: "ವ್ಯಾನ್ ಮಾರೋಕೆ ಹೇಳಿ." ಈ ಸಲದ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆ. ಮಗನಿಗೆ ಇಪ್ಪತ್ತೇಳು. ಹಳೆಯ ಓಮ್ನಿಯೊಳಗೆ ಪ್ಲೈವುಡ್ ಮಂಚ ಹಾಕಿಸಿಕೊಂಡು ಬಾದಾಮಿ, ಹಂಪಿ, ರಾಮನಗರ ಸುತ್ತುತ್ತಾನೆ. ಬಾದಾಮಿಯದು ಮರಳುಗಲ್ಲು. ನೆನೆದರೆ ಅದರ ಬಲ ಕುಗ್ಗುತ್ತದೆ, ಹಿಡಿದ ಚೂರೇ ಕೈಗೆ ಕಿತ್ತು ಬರಬಹುದು. ಹಾಗಾಗಿ ಜೂನ್‌ಗೆ ಮನೆ ಸೇರುತ್ತಾನೆ. ಸೇರಿದರೂ ಮಲಗುವುದು ಅಂಗಳದ ವ್ಯಾನಿನಲ್ಲೇ. "ಹತ್ತು ಗಂಟೆಗೆ ಏಳ್ತಾನೆ ಮೇಡಂ, ತಿಂಡಿ ಮುಟ್ಟಲ್ಲ, ಮಾತಾಡ್ಸಿದ್ರೆ ತಲೆನೋವು ಅಂತಾನೆ" ಎಂದರು ತಾಯಿ. ಮೊದಲ ಎರಡು ಭೇಟಿಗಳು ದುಡ್ಡು, ಮದುವೆ, ತೋಟದ ಜಗಳದಲ್ಲೇ ಕಳೆದವು.

ಮೂರನೇ ಭೇಟಿಯಲ್ಲಿ ಅವನೊಬ್ಬನೇ ಇದ್ದ. ಮನಸ್ಸಿನ ಮಾತು ಬಿಟ್ಟು ಕೇಳಿದೆ: "ರಾತ್ರಿ ಊಟ ಆದಮೇಲಿಂದ ಬೆಳಗ್ಗೆ ಬಾಗಿಲು ತೆಗೆಯೋವರೆಗೂ ಏನೇನು ಮಾಡ್ತೀಯ? ಒಂದೂ ಬಿಡದೆ ಹೇಳು."

ಹೇಳಿದ. ಮಳೆ ಹೊಡೆಯುತ್ತದೆಂದು ವ್ಯಾನಿನ ಮೇಲೆ ಟಾರ್ಪಾಲು. ಚಳಿಗೆ ಗಾಜುಗಳಿಗೆಲ್ಲ ಬೆಳ್ಳಿ ಬಣ್ಣದ ಫೋಮ್ ಶೀಟು, ಸಂದುಗಳಿಗೆ ಟೇಪು. ಮಲಗುವ ಮೊದಲು ಸಣ್ಣ ಗ್ಯಾಸ್ ಒಲೆಯಲ್ಲಿ ಕಷಾಯ. ಆಮೇಲೆ ಬೆಚ್ಚಗಾಗಲಿ ಅಂತ ಉರಿ ಸಣ್ಣಗಿಟ್ಟು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಬೆಳಗ್ಗೆ ತಲೆ ಸಿಡಿತ, ವಾಕರಿಕೆ. ತೋಟದಲ್ಲಿ ಓಡಾಡಿದರೆ ಮಧ್ಯಾಹ್ನಕ್ಕೆ ಇಳಿಯುತ್ತದೆ.

"ಬಾದಾಮಿಯಲ್ಲಿ ಹೀಗೆ ಆಗ್ತಿತ್ತಾ?"

"ಅಲ್ಲಿ ಸೆಖೆ ಮೇಡಂ. ಬಾಗಿಲು ತೆಗೆದೇ ಮಲಗ್ತಿದ್ದೆ."

ಇಲ್ಲಿಗೆ ನನ್ನ ಕೈಲಿದ್ದ ಪೆನ್ನು ನಿಂತಿತು. ಮುಚ್ಚಿದ ಜಾಗದಲ್ಲಿ ಒಲೆ ಉರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ಉರಿ ಪೂರ್ತಿ ಸುಡದೆ ಹಳದಿಗೆ ತಿರುಗುತ್ತದೆ, ತಲೆ ಸಿಡಿತ, ವಾಕರಿಕೆ ತರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. "ಆಕ್ಸಿಮೀಟರ್ ಇಟ್ಟು ನೋಡಿದೀನಿ, 98 ಇತ್ತು" ಎಂದ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರಿಗೆ ಈ ವಿಷ ಅಂಟಿದ ರಕ್ತವೂ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ಆ 98 ನಂಬಿ ಕೂರುವಂಥದ್ದಲ್ಲ.

ಬಾಗಿಲು ಹಾಕಿ ಒಲೆ ಹಚ್ಚುವ ಮಾತು ಬಂದ ಮೇಲೆ ಇನ್ನೊಂದನ್ನು ಕೇಳದೆ ಬಿಡುವಂತಿರಲಿಲ್ಲ. "ಸತ್ತುಹೋಗಬೇಕು ಅಂತ ಯಾವಾಗಾದ್ರೂ ಅನ್ನಿಸಿದೆಯಾ?" "ಇಲ್ಲ ಮೇಡಂ, ಚಳಿ ಅಷ್ಟೇ" ಎಂದು ನೇರವಾಗಿ ನೋಡಿ ಹೇಳಿದ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿ. ಹೌದೆಂಬ ಉತ್ತರ ಬಂದರೆ ಒಬ್ಬರನ್ನೇ ಬಿಡಬೇಡಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆವತ್ತೇ ವೈದ್ಯರ ಬಳಿ ಕಳಿಸಿದೆ. ಸಂಜೆ ತೆಗೆದ ರಕ್ತದಲ್ಲಿ ಹೆಚ್ಚೇನೂ ಸಿಗಲಿಲ್ಲ. ಹೊರಗಿನ ಗಾಳಿ ಕುಡಿಯುತ್ತಿದ್ದರೆ 4–5 ಗಂಟೆಗೊಮ್ಮೆ ರಕ್ತದಲ್ಲಿನ ಆ ವಿಷ ಅರ್ಧಕ್ಕಿಳಿಯುತ್ತದೆ. ಅದಕ್ಕೇ ರಾತ್ರಿ ಏನೇನು ನಡೆಯಿತೆಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ವರದಿ ಏನೇ ಇರಲಿ, ವ್ಯಾನಿನೊಳಗೆ ಒಲೆ ಹಚ್ಚಕೂಡದೆಂದು ವೈದ್ಯರೂ ಹೇಳಿ ಕಳಿಸಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಅಡುಗೆ ವ್ಯಾನಿನ ಹೊರಗೆ, ಟಾರ್ಪಾಲಿನ ಅಂಚು ಎತ್ತಿ ಕಟ್ಟಿ. ಬೆಚ್ಚಗಿರಲು ಬಿಸಿನೀರಿನ ಚೀಲ, ಕಂಬಳಿ, ಮಂಚದ ಹಲಗೆಯ ಮೇಲೆ ದಪ್ಪ ಫೋಮು, ಯಾಕೆಂದರೆ ಚಳಿ ಅರ್ಧ ಕೆಳಗಿನಿಂದಲೇ ಏರುತ್ತದೆ. ಟೇಪು ಕೀಳುವುದು. ಎದುರುಬದುರಿನ ಎರಡು ಕಿಟಕಿ ಎರಡೆರಡು ಬೆರಳು ತೆರೆದಿರಬೇಕು. ಮೇಲೆ ವೈಸರ್ ಹಾಕಿಸಿದರೆ ಮಳೆ ಒಳಗೆ ಬರುವುದಿಲ್ಲ, ಉಸಿರಿನ ತೇವ ತಗಡಿಗೆ ಕೂತು ಹಾಸಿಗೆ ಬೂಷ್ಟು ಹಿಡಿಯುವುದೂ ತಪ್ಪುತ್ತದೆ. ದಿಂಬಿನ ಮಟ್ಟದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ, ವಾರಕ್ಕೊಮ್ಮೆ ಬಟನ್ ಒತ್ತಿ ಪರೀಕ್ಷೆ. ಕೊಳ್ಳುವಾಗ ಮಲಗುವ ವಾಹನ, ದೋಣಿಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 50291-2ರ ಗುರುತು ನೋಡಬೇಕು. ಅಡುಗೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಆ ಗ್ಯಾಸು ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಒಲೆ, ಕಿಟಕಿ ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ವ್ಯಾನಿನಲ್ಲಿ ಬದುಕುವವನಿಗೆ ಅದೇ ಮನೆ. ಮಲಗುವ ಜಾಗ ವಿಚಾರಿಸದೆ ಅವನ ಮಂಕಿಗೆ ಬಾಲ್ಯದಲ್ಲಿ ಕಾರಣ ಹುಡುಕುತ್ತ ಕೂತಿದ್ದರೆ ಇನ್ನೆಷ್ಟು ರಾತ್ರಿ ಹಾಗೇ ಕಳೆಯುತ್ತಿದ್ದವು? "ವ್ಯಾನ್ ಮಾರು" ಎಂದು ಹೇಳದಿದ್ದುದಕ್ಕೂ ಇದೇ ಕಾರಣ. ಅಷ್ಟು ಹೇಳಿದ್ದರೆ ಅವನು ನಾಲ್ಕನೇ ಭೇಟಿಗೆ ಬರುತ್ತಿರಲಿಲ್ಲ, ಟೇಪು ಅಲ್ಲೇ ಇರುತ್ತಿತ್ತು.

ಮೂರು ವಾರಕ್ಕೆ ತಲೆನೋವು ನಿಂತಿತು. ಬೇಸರ ಪೂರ್ತಿ ನಿಂತಿರಲಿಲ್ಲ. ಅದರ ಬೇರು ಕ್ಯಾಲೆಂಡರಿನಲ್ಲಿತ್ತು. ಬಂಡೆ ಹತ್ತಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಕಾಫಿ ಕೊಯ್ಲೂ ಆಗಲೇ. "ಹಣ್ಣು ಕೆಂಪಾಗೋ ಹೊತ್ತಿಗೆ ಇವ್ನು ಬಂಡೆಗೆ ನೇತಾಡ್ತಿರ್ತಾನೆ" ಎಂಬ ತಾಯಿಯ ಮಾತು ಕೋಪದಂತೆ ಕೇಳಿಸಿದರೂ ಅದರೊಳಗೆ ಆಳು ಸಿಗದ ಹೆದರಿಕೆ ಇತ್ತು. ಇಬ್ಬರನ್ನೂ ಕೂರಿಸಿ ತಿಂಗಳುಗಳನ್ನು ಕಾಗದದ ಮೇಲೆ ಬರೆಸಿದೆ. ಅವರದ್ದು ಹೆಚ್ಚು ರೊಬಸ್ಟಾ ಜಾತಿಯ ಕಾಫಿ. ಅದು ಕೊಯ್ಲಿಗೆ ಬರುವುದು ಜನವರಿ ಹೊತ್ತಿಗೆ. ಹಾಗಾಗಿ ನವೆಂಬರ್, ಡಿಸೆಂಬರ್ ಅವನದು. ಸಂಕ್ರಾಂತಿಗೆ ಮೊದಲು ಬಂದು ಕೊಯ್ಲು ಮುಗಿಯುವವರೆಗೆ ತೋಟ. ಮಳೆಗಾಲದಲ್ಲಿ ಚಿಗುರು ತೆಗೆಸುವ ಕೆಲಸದ ಲೆಕ್ಕ ಅವನೇ ಬರೆಯಬೇಕು, ಅದಕ್ಕೆ ಸಂಬಳವೂ ಉಂಟು. ರಾತ್ರಿ ಊಟ ಮನೆಯೊಳಗೆ, ನಿದ್ದೆ ಅವನಿಷ್ಟದ ಕಡೆ.

ಸಂಬಳದ ಮಾತಿಗೆ ತಾಯಿ ಒಪ್ಪಲು ಇನ್ನೊಂದು ಭೇಟಿ ಬೇಕಾಯಿತು. ಮುಂದಿನ ಭೇಟಿ ಅಕ್ಟೋಬರ್ ಕೊನೆಗೆ, ಅವನು ಹೊರಡುವ ಮೊದಲು. ಅಲಾರಮನ್ನೂ ತರಲು ಹೇಳಿದ್ದೇನೆ.