ಕರಾರು ಪತ್ರವೇ ಇಲ್ಲದ ಪಾಲುದಾರಿಕೆಯನ್ನು ಮುರಿಯುವುದು ಹೇಗೆ?

ನೀವು ಬರೆದದ್ದು ಇಷ್ಟು: ಗೆಳೆಯನ ಜೊತೆ ಬಸವನಗುಡಿಯಲ್ಲಿ ದರ್ಶಿನಿ ತೆರೆದಿರಿ, 6 ಲಕ್ಷ ಹಾಕಿದಿರಿ, ನಾಲ್ಕು ವರ್ಷ ಲಾಭ ಹಂಚಿಕೊಂಡಿರಿ, ಕರಾರು ಪತ್ರ ಮಾತ್ರ ಬರೆಸಲಿಲ್ಲ. ಈಗ ಆತ "ನೀನು ಪಾಲುದಾರನೇ ಅಲ್ಲ, ಸಾಲ ಕೊಟ್ಟವನು" ಎನ್ನುತ್ತಿದ್ದಾನೆ. ನಾನು ವಕೀಲನಲ್ಲ. ಸುಲ್ತಾನಪೇಟೆಯ ಬಳಿ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸನ್ನು ಗೆಳೆಯನೊಡನೆ ಹನ್ನೊಂದು ವರ್ಷ ನಡೆಸಿ, ಆಮೇಲೆ ಮೂರು ವರ್ಷ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿಳಿದವನು.

ಪತ್ರವಿಲ್ಲವೆಂದು ಎದೆಗುಂದಬೇಡಿ. 1932ರ ಪಾಲುದಾರಿಕೆ ಕಾಯ್ದೆಗೆ ಬಾಯಿಮಾತಿನ ಒಪ್ಪಂದವೂ ಸಾಕು. ಆದರೆ ನಿಮ್ಮ ಗೆಳೆಯನ ವಾದ ತೀರಾ ಪೊಳ್ಳೂ ಅಲ್ಲ. ಲಾಭದಲ್ಲಿ ಪಾಲು ಪಡೆದ ಮಾತ್ರಕ್ಕೆ ಯಾರೂ ಪಾಲುದಾರರಾಗುವುದಿಲ್ಲ, ಸಾಲ ಕೊಟ್ಟವನೂ ಲಾಭಾಂಶ ಪಡೆಯಬಹುದು ಎನ್ನುತ್ತದೆ 6ನೇ ಸೆಕ್ಷನ್. (ಇಂಗ್ಲೆಂಡಿನಲ್ಲಿ 1860ರಲ್ಲಿ ತೀರ್ಮಾನವಾದ ಕಾಕ್ಸ್ ಮತ್ತು ಹಿಕ್ಮನ್ ಮೊಕದ್ದಮೆಯೂ ಇದನ್ನೇ ಹೇಳಿತ್ತು. ನಮ್ಮ ವಕೀಲರು ಎಷ್ಟು ಸಲ ಅದನ್ನು ಎತ್ತಿದರೆಂದರೆ, ಹಿಕ್ಮನ್ ನಮ್ಮ ಬೀದಿಯವನೇ ಇರಬೇಕು ಅನ್ನಿಸತೊಡಗಿತ್ತು.) ಒಬ್ಬರು ಮಾಡಿದ ವ್ಯವಹಾರ ಇನ್ನೊಬ್ಬರ ಪರವಾಗಿಯೂ ಆಗಿತ್ತೇ ಎಂಬುದೇ ಮುಖ್ಯ ಪ್ರಶ್ನೆ. ಭಟ್ಟರನ್ನು ಕೆಲಸಕ್ಕೆ ಇಟ್ಟುಕೊಂಡದ್ದು ನೀವೇ? ಬಾಡಿಗೆ ಕರಾರಿನಲ್ಲಿ ನಿಮ್ಮ ಸಹಿಯಿದೆಯೇ? ತರಕಾರಿ ಮಂಡಿಗೆ ನಿಮ್ಮ ಖಾತೆಯಿಂದ ಹಣ ಹೋಗಿದೆಯೇ? "ಈ ತಿಂಗಳು ನಷ್ಟ, ಇಬ್ಬರೂ ಸಮನಾಗಿ ತುಂಬೋಣ" ಎಂಬಂಥ ವಾಟ್ಸ್‌ಆ್ಯಪ್ ಸಂದೇಶ ಒಂದು ಸಿಕ್ಕರಂತೂ ಅರ್ಧ ಗೆದ್ದಂತೆ. ಸಾಲ ಕೊಟ್ಟವನು ನಷ್ಟಕ್ಕೆ ಹೆಗಲು ಕೊಡುತ್ತಾನೆಯೇ? ಹಳೆಯ ಮೊಬೈಲನ್ನು ಮಾರಿಬಿಡಬೇಡಿ.

ಯಾರ ಪಾಲು ಎಷ್ಟೆಂಬ ಮಾತೇ ಆಗಿರದಿದ್ದರೆ, ಬಂಡವಾಳ ಹೆಚ್ಚು ಕಡಿಮೆಯಿದ್ದರೂ ಲಾಭನಷ್ಟ ಸಮಪಾಲು.

ನೋಂದಣಿಯಾಗದ ಸಂಸ್ಥೆಯವರು ಕೋರ್ಟಿಗೆ ಹೋಗುವಂತಿಲ್ಲ ಎಂದು ಯಾರಾದರೂ ಹೆದರಿಸಬಹುದು. ಅದು ಅರ್ಧ ಸತ್ಯ. ಕರಾರಿನ ಹಕ್ಕು ಜಾರಿ ಮಾಡಿ ಎಂದು ಕೇಳಲು 69ನೇ ಸೆಕ್ಷನ್ ಅಡ್ಡ ಬರುತ್ತದೆ. ಪಾಲುದಾರಿಕೆಯನ್ನು ವಿಸರ್ಜಿಸಿ ಲೆಕ್ಕ ಕೊಡಿಸಿ ಎಂದು ಕೇಳಲು ಅದು ಅಡ್ಡ ಬರುವುದಿಲ್ಲ. ನೀವು ಕೇಳಬೇಕಾದದ್ದೂ ಅದನ್ನೇ. ಮೊತ್ತ 3 ಲಕ್ಷ ದಾಟಿರುವುದರಿಂದ ದಾವೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಆದೇಶ ಕೋರದಿದ್ದರೆ ಅದಕ್ಕೂ ಮೊದಲು ಮಧ್ಯಸ್ಥಿಕೆಗೆ ಹೋಗಿಬರಬೇಕು.

ಇನ್ನು ನಾನು ಎಡವಿದ ಜಾಗ. ದೀಪಾವಳಿಯ ಮರುದಿನ ಜಗಳವಾಡಿ, ಪ್ರೆಸ್ಸಿನ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಮನೆಗೆ ಬಂದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಅವಧಿ ಗೊತ್ತುಮಾಡದ ಪಾಲುದಾರಿಕೆ ಬಾಯಿಮಾತಿನಲ್ಲಿ ಹುಟ್ಟಬಹುದು. ಇಬ್ಬರೂ ಒಪ್ಪಿ ಮುಗಿಸುವುದಾದರೆ ಬೇರೆ ಮಾತು, ಒಬ್ಬನೇ ಮುರಿಯಬೇಕೆಂದರೆ ಲಿಖಿತ ನೋಟಿಸ್ ಬೇಕು. ನಾನು ಅದನ್ನು ಕಳಿಸಿದ್ದು ಎಂಟು ತಿಂಗಳ ಮೇಲೆ. ನೀವು ಈ ವಾರವೇ ಕಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ವಿಸರ್ಜನೆಯ ದಿನದಿಂದ ಮೂರು ವರ್ಷದೊಳಗೆ ಲೆಕ್ಕದ ದಾವೆ ಹೂಡದಿದ್ದರೆ ಕಾಲಮಿತಿ ಮೀರುತ್ತದೆ, ಆದ್ದರಿಂದ ಆ ದಿನಾಂಕ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು.

ನೋಟಿಸ್ ಕಳಿಸಿದ ಮೇಲೂ ನಾನು ಇನ್ನೊಂದು ಕೆಲಸ ಬಾಕಿ ಉಳಿಸಿದ್ದೆ. ಪಾಲುದಾರಿಕೆ ಮುರಿದದ್ದನ್ನು ಗೆಜೆಟ್‌ನಲ್ಲಿ ಮತ್ತು ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸುವ ತನಕ, ಹೊರಗಿನವರ ಪಾಲಿಗೆ ಹಳೆಯ ಪಾಲುದಾರ ಪಾಲುದಾರನೇ. ನನ್ನ ಗೆಳೆಯ ಪ್ರೆಸ್ಸಿನ ಹೆಸರಿನಲ್ಲಿ ಕಾಗದವನ್ನು ಸಾಲವಾಗಿ ತರಿಸುತ್ತಲೇ ಇದ್ದ. ನಮ್ಮಿಬ್ಬರನ್ನೂ ಬಲ್ಲ ಕಾಗದದ ವ್ಯಾಪಾರಿ ಬಿಲ್ಲು ಹಿಡಿದು ನೇರ ನನ್ನ ಮನೆಗೆ ಬಂದರು. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲು ಮಾಡುವ ಹಕ್ಕು ಅವರಿಗಿತ್ತು. ಪತ್ರಿಕೆಯ ಜಾಹೀರಾತಿಗೆ 4,000 ರೂಪಾಯಿ ದುಬಾರಿಯೆಂದು ಬಿಟ್ಟಿದ್ದೆ. ಅವರಿಗೆ ಎಣಿಸಿಕೊಟ್ಟದ್ದು 1,40,000.